4,29,49,67,297 ಅವಿಭಾಜ್ಯವಲ್ಲ: ಭಾನುವಾರದ ಕೂಟಕ್ಕೆ ಮುನ್ನ

ಬಳಗದ ಸದಸ್ಯರೆಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ಗುಂಪಿಗೆ ಬಂದ ಚಿತ್ರವೊಂದರಲ್ಲಿ 4,29,49,67,297 ಅವಿಭಾಜ್ಯ ಸಂಖ್ಯೆ ಎಂದು ಬರೆದಿದೆ. ಅದು ತಪ್ಪು, ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದವರು ಬೇಸರಿಸಬಾರದು, ಇದೇ ಸಂಖ್ಯೆಯಲ್ಲಿ ಫರ್ಮಾನಂಥ ಫ್ರೆಂಚ್ ಗಣಿತಜ್ಞನೂ ಎಡವಿದ್ದಾನೆ.

2ರ 32ನೇ ಘಾತಕ್ಕೆ 1 ಕೂಡಿಸಿದರೆ ಇದು ಸಿಗುತ್ತದೆ. ಇದೇ ಸಾಲಿನಲ್ಲಿ, ಅಂದರೆ 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದಾಗ, ಮೊದಲು ಬರುವ 3, 5, 17, 257, 65,537 ಇವೆಲ್ಲ ಅವಿಭಾಜ್ಯವಾಗಿರುವುದರಿಂದ ಮುಂದಿನವೂ ಹಾಗೆಯೇ ಇರಬೇಕೆಂದು ಫರ್ಮಾ ನಂಬಿದ್ದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆಂದು ತೋರಿಸಿದ, ಭಾಗಲಬ್ಧ 67,00,417.

641ನ್ನೇ ಹುಡುಕುವುದು ಹೇಗೆ ಎಂಬುದೇ ಇಲ್ಲಿನ ಸ್ವಾರಸ್ಯ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೂ 1 ಶೇಷ ಉಳಿಯಲೇಬೇಕೆಂದು ಸಾಧಿಸಬಹುದಾದ್ದರಿಂದ, ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641 ಎಂಬ ಕ್ರಮದಲ್ಲಿ ಬರುತ್ತವೆ. ಮೊದಲ ನಾಲ್ಕು ಸೋಲುತ್ತವೆ, ಐದನೆಯದು ಗೆಲ್ಲುತ್ತದೆ.

ಅಂಗಡಿಯ ಎಂಟಂಕಿ ಕ್ಯಾಲ್ಕ್ಯುಲೇಟರಿನಲ್ಲಿ ಈ ಸಂಖ್ಯೆ ಹಿಡಿಸುವುದಿಲ್ಲ. 641ನ್ನು 67,00,417ರಿಂದ ಕಾಗದದ ಮೇಲೆಯೇ ಗುಣಿಸಿರಿ. ಒಂದೇ ಅಂಕಿ ಉಳಿಯುವವರೆಗೆ ಅಂಕಿಗಳನ್ನು ಕೂಡುತ್ತ ತಾಳೆ ನೋಡುವುದಾದರೆ 641ಕ್ಕೆ 2, 67,00,417ಕ್ಕೆ 7 ಬರುತ್ತದೆ. ಗುಣಲಬ್ಧ 14, ಅಂದರೆ 5. ಮೂಲ ಸಂಖ್ಯೆಯ ಅಂಕಿಗಳ ಮೊತ್ತವಾದ 59 ಕೂಡ ಕೊನೆಗೆ 5ಕ್ಕೇ ಇಳಿಯುತ್ತದೆ. ಇದು ಪುರಾವೆಯಲ್ಲ, ಕೈತಪ್ಪು ಹಿಡಿಯುವ ಉಪಾಯ ಮಾತ್ರ.

641 ಎಂದರೆ 5ರ 4ನೇ ಘಾತ ಮತ್ತು 2ರ 4ನೇ ಘಾತಗಳ ಮೊತ್ತವೂ ಹೌದು, 5 × 128 + 1 ಕೂಡ ಹೌದು. ಈ ಎರಡರಿಂದಲೇ, ಭಾಗಾಕಾರ ಮಾಡದೆ, ಫಲಿತಾಂಶವನ್ನು ಸಾಧಿಸಿಕೊಂಡು ಭಾನುವಾರ ಶಿರಸಿಯ ಕೂಟಕ್ಕೆ ಬನ್ನಿ.