ಅಬ್ಬಿ ಉಳಿಯಬೇಕಾದರೆ ಕೆಲಸ ಬೆಟ್ಟದ ಮೇಲಾಗಬೇಕು

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅನೇಕ ಮನೆಗಳಿಗೆ ಇಂದಿಗೂ ಕುಡಿಯುವ ನೀರು ಬರುವುದು ಬೆಟ್ಟದ ಬುಡದಲ್ಲಿ ತಾನಾಗಿ ಹೊಮ್ಮುವ ಒರತೆಯಿಂದ, ಅಂದರೆ ಅಬ್ಬಿಯಿಂದ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ಹರಿದು ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ, ಅಷ್ಟೇ. ಆಷಾಢದ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ನಮ್ಮ ಕೇರಿಯ ಅಬ್ಬಿಗೂ ಕೆಲವು ವರ್ಷಗಳ ಹಿಂದೆ ‘ಅಭಿವೃದ್ಧಿ’ ಆಯಿತು. ನೀರು ಹೆಚ್ಚು ಬರಲೆಂದು ಬಾಯಿಯ ಕಲ್ಲನ್ನು ಒಡೆದು, ಸುತ್ತಲೂ ಕಾಂಕ್ರೀಟ್ ಗೋಡೆ ಎಬ್ಬಿಸಿ ನಲ್ಲಿ ಕೂರಿಸಿದರು. ಎರಡನೆಯ ವರ್ಷಕ್ಕೆ ನೀರು ತನ್ನ ದಾರಿ ಬದಲಿಸಿ ನಾಲ್ಕು ಮಾರು ಕೆಳಗೆ ಗದ್ದೆಯ ಅಂಚಿನಲ್ಲಿ ಹೊಮ್ಮಿತು. ಆ ಕಾಂಕ್ರೀಟ್ ತೊಟ್ಟಿಯಲ್ಲಿ ಈಗ ದರಕು, ಅಂದರೆ ಉದುರಿದ ಒಣ ಎಲೆ, ತುಂಬಿದೆ.

ಅಬ್ಬಿಯ ನೀರು ಕೂಡಿಕೊಳ್ಳುವುದು ಮೇಲಿನ ಬೆಟ್ಟದಲ್ಲಿ. ಕರಾವಳಿಯ ಗುಡ್ಡಗಳಲ್ಲಿ ಚಿರೇಕಲ್ಲಿನ ರಂಧ್ರಗಳ ಮೂಲಕ ಇಳಿದ ಮಳೆನೀರು, ಅಡಿಯಲ್ಲಿರುವ ಶೇಡಿ ಎಂಬ ಜೇಡಿಮಣ್ಣಿನ ಪದರವನ್ನು ದಾಟಲಾರದೆ, ಇಳಿಜಾರಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಹಾಗಾಗಿ ಮೇಲೆ ಶೇಡಿ ಕಾಣುವ ತನಕ ಕಲ್ಲು ಕಡಿದರೆ ಕೆಳಗಿನ ಕೇರಿಗೆ ನೀರು ಕೂಡಿಡುವ ಜಾಗವೇ ಉಳಿಯುವುದಿಲ್ಲ. ಘಟ್ಟದ ಮೇಲೆ ನೀರು ಕೂಡಿಡುವ ಈ ಕೆಲಸ ಮಾಡುವುದು ಕಾನು ಎಂಬ ದಟ್ಟ ನಿತ್ಯಹಸಿರು ಕಾಡು ಮತ್ತು ತೋಟಕ್ಕೆ ಸೊಪ್ಪು, ದರಕು ಒದಗಿಸುವ ಸೊಪ್ಪಿನ ಬೆಟ್ಟ. ಬೆಟ್ಟದ ದರಕನ್ನು ಒಂದೆಲೆಯೂ ಉಳಿಯದಂತೆ ಗುಡಿಸಿ ತರುವವರು, ಜೆಸಿಬಿಯಿಂದ ರಸ್ತೆ ಕಡಿಸುವವರು ನಾವೇ, ಅಡಿಕೆ ತೋಟದ ತೋಟಿಗರು. ಈ ತಪ್ಪನ್ನು ಸರ್ಕಾರದ ಮೇಲೆ ಹೊರಿಸಿ ಪ್ರಯೋಜನವಿಲ್ಲ.

ಸಿಕ್ಕಿಂ ರಾಜ್ಯ 2008ರಲ್ಲಿ ಆರಂಭಿಸಿದ ‘ಧಾರಾ ವಿಕಾಸ’ ಕಾರ್ಯಕ್ರಮದಲ್ಲಿ ಮೊದಲು ಒರತೆಗೆ ನೀರುಣಿಸುವ ಜಾಗವನ್ನು ಗುರುತಿಸಿ, ಅಲ್ಲಿ ಉದ್ಯೋಗ ಖಾತ್ರಿಯ ಕೂಲಿಯಿಂದ ಇಂಗುಗುಂಡಿ, ಅಡ್ಡಗಾಲುವೆಗಳನ್ನು ತೋಡಿಸಿದರು. ಕಲ್ಲಿನ ಪದರ ವಾಲಿರುವ ದಿಕ್ಕನ್ನು ಅನುಸರಿಸಿ ಆ ಜಾಗ ಕೆಲವೊಮ್ಮೆ ಬೆಟ್ಟದ ಆಚೆ ಮಗ್ಗುಲಲ್ಲೂ ಇರಬಹುದಾದ್ದರಿಂದ, ಭೂವಿಜ್ಞಾನ ಬಲ್ಲವರು ಒಮ್ಮೆ ಬಂದು ನೋಡುವುದು ಅಗತ್ಯ.

ಸಣ್ಣ ಅಬ್ಬಿ ಎಂದು ತಳ್ಳಿಹಾಕುವವರು ಒಂದು ಲೆಕ್ಕ ಮಾಡಲಿ. ನಿಮಿಷಕ್ಕೆ 4 ಲೀಟರ್ ಹರಿದರೆ ದಿನಕ್ಕೆ 5,760 ಲೀಟರ್ ಆಗುತ್ತದೆ; ಜಲಜೀವನ ಮಿಷನ್ ಹೇಳುವ ತಲಾ 55 ಲೀಟರಿನಂತೆ ನೂರು ಜನರಿಗೆ ಸಾಕು. ರಾತ್ರಿಯ ಹರಿವು ಪೋಲಾಗದಂತೆ ಒಂದು ಮುಚ್ಚಿದ ತೊಟ್ಟಿ ಇರಬೇಕು, ಮೇಲ್ಭಾಗದಲ್ಲಿ ಶೌಚಾಲಯದ ಗುಂಡಿ ಮತ್ತು ಕೊಟ್ಟಿಗೆಯ ಬಚ್ಚಲು ಇರಬಾರದು, ಮಳೆಗಾಲದ ಮೊದಲೂ ನಂತರವೂ ನೀರಿನ ಪರೀಕ್ಷೆ ಆಗಬೇಕು.

ಆದ್ದರಿಂದ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿಯೂ ಹೊಸ ಕೊಳವೆಬಾವಿ ತೋಡಿಸುವ ಮುನ್ನ ತನ್ನ ವ್ಯಾಪ್ತಿಯ ಅಬ್ಬಿಗಳ ದಾಖಲೆ ಪುಸ್ತಕ ಇಡಲಿ. ಮೇ ತಿಂಗಳಲ್ಲಿ ಬಕೆಟ್ ಮತ್ತು ಗಡಿಯಾರ ಹಿಡಿದು ಅಳೆದ ಹರಿವನ್ನೂ, ಅದಕ್ಕೆ ನೀರುಣಿಸುವ ಬೆಟ್ಟದ ಸರ್ವೆ ನಂಬರನ್ನೂ ಅದರಲ್ಲಿ ಬರೆಯಲಿ. ಕಲ್ಲುಕಣಿಗೋ ರಸ್ತೆಗೋ ಅರ್ಜಿ ಬಂದ ದಿನ ಆ ಪುಸ್ತಕವನ್ನು ಮೊದಲು ತೆರೆದು ನೋಡಲಿ.

ಇಂತಿ,
ಒಬ್ಬ ತೋಟಿಗ, ಶಿರಸಿ ತಾಲ್ಲೂಕು