ಫೋನ್‌ ಪೆಟ್ಟಿಗೆಯ ಮೇಲೆ ಅಪ್‌ಡೇಟ್‌ ಗಡುವು ಮುದ್ರಿಸಲಿ

ಮಾನ್ಯ ಸಂಪಾದಕರೇ,

ಅಮ್ಮನ ಫೋನಿನ ಗಾಜಿನ ಮೇಲೆ ಒಂದು ಗೀರೂ ಇಲ್ಲ, ಬ್ಯಾಟರಿಯೂ ದಿನವಿಡೀ ಬರುತ್ತದೆ. ಆದರೆ ಸೆಟ್ಟಿಂಗ್ಸ್‌ ತೆರೆದು ನೋಡಿದರೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್‌ ಬಂದು ಎರಡು ವರ್ಷ ದಾಟಿದೆ. ಆಮೇಲೆ ಪತ್ತೆಯಾದ, ಕಳ್ಳರು ಫೋನಿನೊಳಗೆ ನುಗ್ಗಲು ದಾರಿಯಾಗಬಲ್ಲ ಸಾಫ್ಟ್‌ವೇರ್‌ ದೋಷಗಳೆಲ್ಲ ಸರಿಯಾಗದೆ ಹಾಗೇ ಉಳಿದಿವೆ. ಅವರ ಬ್ಯಾಂಕ್‌ ಆ್ಯಪ್‌ ಇರುವುದೂ ಅದರಲ್ಲೇ, ಒಟಿಪಿ ಬರುವುದೂ ಅದಕ್ಕೇ. ನನಗೆ ನಿಜಕ್ಕೂ ಭಯವಾಯಿತು.

ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವವರು, ಅಪ್‌ಡೇಟ್‌ ಯಾವ ತಿಂಗಳಿಗೆ ನಿಲ್ಲುತ್ತದೆ ಎಂಬುದನ್ನೂ ಅಲ್ಲೇ ಮುದ್ರಿಸಲಿ. ಇದು ಆಗದ ಕೆಲಸವೇನಲ್ಲ: 2023ರಲ್ಲಿ ಬಂದ ಗೂಗಲ್‌ ಪಿಕ್ಸೆಲ್‌ 8ಕ್ಕೆ 7 ವರ್ಷಗಳ ಅಪ್‌ಡೇಟ್‌ ಭರವಸೆ ಇದೆ. ಕಡಿಮೆ ಬೆಲೆಯ ಫೋನ್‌ ಕೊಳ್ಳುವವರ ಹಣಕ್ಕೂ ಅಷ್ಟೇ ರಕ್ಷಣೆ ಬೇಕಲ್ಲವೇ?

– ಒಬ್ಬ ಓದುಗ