ಅಪ್ಪನ ಸ್ಟೆಂಟಿಗೆ ಲೇಸರ್

ಲೀಡ್ಸ್

ಪ್ರೀತಿಯ ಅಕ್ಕನಿಗೆ,

ಅಪ್ಪನ ಹೃದಯದ ನಾಳದಲ್ಲಿರುವ ಹಳೇ ಸ್ಟೆಂಟಿನೊಳಗೆ ಮತ್ತೆ ಕಟ್ಟಿಕೊಂಡಿದೆ, ಡಾಕ್ಟರು ಲೇಸರ್ ಎಂದಿದ್ದಾರೆ, ಒಳಗೆ ಸುಟ್ಟುಬಿಡುತ್ತಾರಾ ಎಂದು ನೀನು ಕೇಳಿದ್ದೆ. ನಮ್ಮ ಕ್ಯಾಥ್ ಲ್ಯಾಬಿನಲ್ಲಿ (ಹೃದಯದ ನಾಳಗಳಿಗೆ ಚಿಕಿತ್ಸೆ ಮಾಡುವ ಕೋಣೆಯಲ್ಲಿ) ಹೇಗೆ ಮಾಡುತ್ತಾರೆ ಅಂತ ಬಿಡಿಸಿ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳು.

ಸುಡುತ್ತಿದ್ದದ್ದು 1980ರ ದಶಕದ ಆರ್ಗಾನ್ ಲೇಸರ್. ಅದರ ಕಿರಣ ಬಿಡುವಿಲ್ಲದೆ ಬೀಳುತ್ತಿತ್ತು, ಬಿಸಿಗೆ ನಾಳ ತೂತಾಗುತ್ತಿತ್ತು. ಈಗಿನದು ಎಕ್ಸೈಮರ್. ಈ ಜಾತಿಯ ಬೆಳಕು ಅಂಚು ಸುಡದೆ ಅಂಗಾಂಶವನ್ನು ಕೆತ್ತುತ್ತದೆ ಎಂದು 1981ರಲ್ಲಿ ಐಬಿಎಂನ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಜೊತೆಗಾರರು ತೋರಿಸಿಕೊಟ್ಟರು, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ. ಹೃದಯದ ನಾಳಕ್ಕೆ ಬಳಸುವುದು 308 ನ್ಯಾನೊಮೀಟರಿನ ನೇರಳಾತೀತ ಬೆಳಕು. ಬೆಳಕಿನ ಒಂದೊಂದು ಮಿಡಿತ (ಪಲ್ಸ್) ಸುಮಾರು 135 ನ್ಯಾನೊಸೆಕೆಂಡು, ಇಳಿಯುವ ಆಳ 50 ಮೈಕ್ರಾನಿನ ಆಸುಪಾಸು, ಹೆಚ್ಚುಕಡಿಮೆ ಕೂದಲೆಳೆಯಷ್ಟು. ಬಿಸಿ ಹರಡುವಷ್ಟರಲ್ಲಿ ಮಿಡಿತವೇ ಮುಗಿದಿರುತ್ತದೆ.

ಮೊದಲು ಯಂತ್ರ ಬಿಸಿಯಾಗಬೇಕು, ಆಮೇಲೆ ಕ್ಯಾತಿಟರಿನ (ನಾಳದೊಳಗೆ ತೂರಿಸುವ ಸಪೂರ ಕೊಳವೆಯ) ತುದಿಯನ್ನು ಅದರ ಅಳತೆಗಣ್ಣಿಗೆ ಹಿಡಿದು ಶಕ್ತಿ ಸರಿಹೊಂದಿಸುತ್ತಾರೆ. ಅಪ್ಪನಿಗೂ ಸೇರಿ ಕೋಣೆಯಲ್ಲಿದ್ದವರಿಗೆಲ್ಲ ಕನ್ನಡಕ. 0.014 ಇಂಚಿನ ತಂತಿ ಅಡ್ಡಿ ದಾಟಿದ ಮೇಲೆ ಅದರ ಮೇಲೇ ಕ್ಯಾತಿಟರ್ ಜಾರಿಸುತ್ತಾರೆ. ತೀರ ಕಿರಿದಾದರೆ 0.9 ಮಿ.ಮೀ.ನದು: 10 ಸೆಕೆಂಡು ಹಾರಿಸಿ 5 ಸೆಕೆಂಡು ಬಿಡುವು. ಮುಂದೆ ಸಾಗುವ ವೇಗ ಸೆಕೆಂಡಿಗೆ ಅರ್ಧ ಮಿಲಿಮೀಟರ್, ಅಂದರೆ ಒಂದು ಸೆಂಟಿಮೀಟರ್ ಅಡ್ಡಿಗೆ ಎರಡು ಸುತ್ತು. ತಳ್ಳಿದರೆ ಬೆಳಕು ಕೆಲಸ ಮಾಡುವ ಮೊದಲೇ ತುದಿ ನುಗ್ಗಿ ಗೋಡೆ ಸೀಳುತ್ತದೆ.

ನಾನು ಕಣ್ಣು ಕೀಳದೆ ನೋಡುವುದು ಸಲೈನನ್ನು. ರಕ್ತವೂ ಆಂಜಿಯೋಗ್ರಾಮಿನ ಡೈ ಕೂಡ ಈ ಬೆಳಕನ್ನು ಹೀರಿ ಗುಳ್ಳೆ ಎಬ್ಬಿಸುತ್ತವೆ. ಗುಳ್ಳೆ ಒಡೆದ ಹೊಡೆತಕ್ಕೆ ನಾಳದ ಒಳಪದರ ಬಿರಿಯಬಹುದು, ತೂತೂ ಆಗಬಹುದು. ಅದಕ್ಕೇ ಮೊದಲು ಡೈ ಪೂರ್ತಿ ತೊಳೆದು, ಹಾರಿಸುವಷ್ಟು ಹೊತ್ತೂ ಸೆಕೆಂಡಿಗೆ 2–3 ಮಿಲಿಲೀಟರ್ ಸಲೈನ್ ಬಿಡುತ್ತಲೇ ಇರಬೇಕು. ಸಿರಿಂಜ್ ಬದಲಿಸುವಾಗ ಲೇಸರ್ ಹಾರಿಸುವ ಪೆಡಲ್ ಮೇಲೆ ಕಾಲಿರಕೂಡದು. ಸರಿಯಾಗಿ ಅರಳದ ಸ್ಟೆಂಟಿನೊಳಗೆ ಮಾತ್ರ ಕೆಲವು ನುರಿತ ಡಾಕ್ಟರುಗಳು ಬೇಕೆಂದೇ ಡೈ ಬಿಟ್ಟು ಆ ಹೊಡೆತದಿಂದ ಹೊರಗಿನ ಗಟ್ಟಿ ಪದರ ಸಡಿಲಿಸುತ್ತಾರೆ. ಅಲ್ಲಿ ಲೋಹದ ಜಾಲರಿ ಗೋಡೆಗೆ ಕಾವಲಿರುತ್ತದೆ.

ಲೇಸರ್ ದಾರಿ ಬಿಡಿಸುತ್ತದೆ ಅಷ್ಟೆ, ಆಮೇಲೆ ಬಲೂನ್ ಬೇಕೇ ಬೇಕು. ನಾಳದಲ್ಲಿ ಸುಣ್ಣ (ಕ್ಯಾಲ್ಸಿಯಂ) ದಪ್ಪಗೆ ಕಟ್ಟಿದ್ದರೆ ಡೈ ಇಲ್ಲದ ಲೇಸರಿಗೆ ಅದು ಜಗ್ಗುವುದು ಕಷ್ಟ. ಅಂಥ ಕಡೆ ವಜ್ರದ ಹರಳು ಕೂರಿಸಿದ, ಗಿರಗಿರ ತಿರುಗಿ ಕೊರೆಯುವ ರೋಟಾ ಬರ್ ಅಥವಾ ಅಲೆಗಳಿಂದ ಸುಣ್ಣ ಬಿರಿಸುವ ಬಲೂನ್ ಮೇಲು. ಹಾಗಾಗಿ ನೀನು ಕೇಳಬೇಕಾದ್ದು: ಕಟ್ಟಿಕೊಂಡಿರುವುದು ಬೆಳೆದ ಅಂಗಾಂಶವೋ, ಸ್ಟೆಂಟ್ ಮೊದಲೇ ಅರಳಿರಲಿಲ್ಲವೋ? ಓಸಿಟಿ (ಬೆಳಕಿನ ಸ್ಕ್ಯಾನ್) ಅಥವಾ ಐವಸ್‌ನಲ್ಲಿ (ಅಲ್ಟ್ರಾಸೌಂಡ್) ನಾಳದ ಒಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ನೋಡದೇ ಲೇಸರ್ ಎಂದರೆ ನಾನಾದರೆ ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ.

ಹೋಗುವಾಗ ಹಳೇ ಆಂಜಿಯೋಗ್ರಾಮಿನ ಸಿಡಿ, ಸ್ಟೆಂಟ್ ಕಾರ್ಡ್, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಜೊತೆಗಿರಲಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಡಾಕ್ಟರೇ ಹೇಳದೆ ಒಂದು ದಿನವೂ ತಪ್ಪಿಸಬೇಡಿ. ಸಿಡಿಯ ನಕಲು ನನಗೂ ಕಳಿಸು.

ನಿನ್ನ ತಮ್ಮ